ಸದ್ದು ಕೇಳಿ ಸೆಕೆಂಡ್ ಹ್ಯಾಂಡ್ ಏರ್ ರೈಫಲ್ ಕೊಳ್ಳಬೇಡಿ

ಕಳೆದ ತಿಂಗಳು ನನ್ನ ತಮ್ಮನ ಮಗನ ಹೆಬ್ಬೆರಳು ಕೂದಲೆಳೆ ಅಂತರದಲ್ಲಿ ಉಳಿಯಿತು. ಕಾರಣ, ನಾನೇ ದುಡ್ಡು ಕೊಟ್ಟು ತಂದ ಹಳೆಯ ಸ್ಪ್ರಿಂಗ್ ಏರ್ ರೈಫಲ್. ಅದನ್ನು ಕೊಂಡಿದ್ದು ಹೇಗೆ, ಅದಕ್ಕೆ ಎರಡೆರಡು ಸ್ಕೋಪ್ (ಗುರಿ ನೋಡುವ ದುರ್ಬೀನು) ಹಾಕಿ ಕೆಟ್ಟಿದ್ದು ಹೇಗೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ಹಳೆಯ ರೈಫಲ್ ಕೊಳ್ಳುವ ಯೋಚನೆಯಲ್ಲಿರುವವರು ದಯವಿಟ್ಟು ಪೂರ್ತಿ ಓದಿ.

ನಮ್ಮದು ಕುಶಾಲನಗರದ ಹತ್ತಿರ. ಕೈಲ್‌ಪೋಳ್ದ್ ಹಬ್ಬದ ಹೊತ್ತಿಗೆ ಕೊಡಗಿನ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದೆ. ತೋಟದ ಕೋವಿಯ ಜೊತೆಗೆ ಕೆಲವು ಕಡೆ ಏರ್ ಗನ್‌ನಲ್ಲೂ ಸ್ಪರ್ಧೆ ಇಡುತ್ತಾರೆ. ಮನೆಯ ಹಿಂದೆ ಹತ್ತು ಮೀಟರ್ ಜಾಗ ಇದೆ, ಮಣ್ಣಿನ ದಿಬ್ಬ ಇದೆ. ಕಾಗದದ ಗುರಿಗೆ ಹೊಡೆದು ಅಭ್ಯಾಸ ಮಾಡೋಣ ಅನ್ನೋದಷ್ಟೇ ನನ್ನ ಆಸೆ. ಹಕ್ಕಿ, ಮಂಗ, ಅಳಿಲು ಯಾವುದಕ್ಕೂ ಗುರಿ ಇಡುವವನಲ್ಲ ನಾನು. ಅದು ವನ್ಯಜೀವಿ ಕಾಯ್ದೆಯಡಿ ಅಪರಾಧ, ಮನಸ್ಸಿಗೂ ಒಗ್ಗುವುದಿಲ್ಲ.

ಹೊಸದಕ್ಕೆ ಅಷ್ಟು ದುಡ್ಡು ಯಾಕೆ ಎಂದುಕೊಂಡು ಹಳೆಯದು ಹುಡುಕಿದೆ. ಮೈಸೂರಿನಲ್ಲಿ ಒಬ್ಬರು ಮಾರುತ್ತಿದ್ದರು. ನಳಿಕೆ ಬಗ್ಗಿಸಿ ಪೆಲೆಟ್, ಅಂದರೆ ಸಣ್ಣ ಸೀಸದ ಗುಂಡು, ಹಾಕುವ ಬಗೆಯದು. ಜರ್ಮನಿಯ ಡಯಾನಾ 35 ಮಾದರಿ ನೋಡಿ ನಮ್ಮ ದೇಶದಲ್ಲೇ ಮಾಡಿದ ರೈಫಲ್‌ಗಳು ಬಹಳ ಇವೆಯಲ್ಲ, ಆ ಜಾತಿಯದು. ಮರದ ಹಿಡಿಗೆ ಹೊಸ ಪಾಲಿಶ್ ಹೊಡೆದು ಫಳಫಳ ಮಾಡಿಟ್ಟಿದ್ದರು. "ಅಣ್ಣಾ, ಸೌಂಡ್ ಕೇಳಿ" ಎಂದು ಗೋಣಿಚೀಲಕ್ಕೆ ಒಂದು ಹೊಡೆದರು. ಪಟಾಕಿ ಸಿಡಿದ ಹಾಗೆ ಸದ್ದು. ನಳಿಕೆಯ ತುದಿಯಲ್ಲಿ ತೆಳ್ಳಗೆ ಹೊಗೆ. "ಹೊಸ ಸ್ಪ್ರಿಂಗ್ ಹಾಕಿಸಿದ್ದೀನಿ, 1200 ಎಫ್‌ಪಿಎಸ್ ಬರುತ್ತೆ" ಎಂದರು. ಎಫ್‌ಪಿಎಸ್ ಅಂದರೆ ಪೆಲೆಟ್ ಸೆಕೆಂಡಿಗೆ ಎಷ್ಟು ಅಡಿ ಹೋಗುತ್ತದೆ ಅನ್ನೋ ಲೆಕ್ಕ. 7,500 ರೂಪಾಯಿ ಕೊಟ್ಟು ಖುಷಿಯಿಂದ ಬಸ್ ಹತ್ತಿದೆ.

ಆ ಸದ್ದು, ಆ ಹೊಗೆ ಏನು ಅಂತ ನನಗೆ ಆಮೇಲೆ ಗೊತ್ತಾಯಿತು. ಸ್ಪ್ರಿಂಗ್ ರೈಫಲ್‌ನಲ್ಲಿ ಮದ್ದು ಇಲ್ಲ, ಗ್ಯಾಸ್ ಇಲ್ಲ. ನಳಿಕೆ ಬಗ್ಗಿಸಿದಾಗ ಪಿಸ್ಟನ್ ಹಿಂದಕ್ಕೆ ಹೋಗಿ ಸ್ಪ್ರಿಂಗ್ ಅದುಮಿಕೊಳ್ಳುತ್ತದೆ. ಟ್ರಿಗರ್ ಎಳೆದರೆ ಪಿಸ್ಟನ್ ಮುಂದೆ ನುಗ್ಗಿ ಗಾಳಿಯನ್ನು ಒತ್ತುತ್ತದೆ. ಆ ಗಾಳಿಯೇ ಪೆಲೆಟ್ಟನ್ನು ತಳ್ಳುವುದು. ಸೈಕಲ್ ಪಂಪ್ ಹೊಡೆದಾಗ ಅದರ ಬುಡ ಬಿಸಿಯಾಗುತ್ತದೆ ಅಲ್ವಾ? ಇಲ್ಲೂ ಹಾಗೇ, ಒತ್ತಿದ ಗಾಳಿ ವಿಪರೀತ ಬಿಸಿಯಾಗುತ್ತದೆ. ಅಲ್ಲಿ ಎಣ್ಣೆ ಇದ್ದರೆ ಡೀಸೆಲ್ ಎಂಜಿನ್‌ನಲ್ಲಿ ಆಗುವಂತೆ ಹೊತ್ತಿಕೊಳ್ಳುತ್ತದೆ. ಸದ್ದು ಬರುತ್ತದೆ, ಹೊಗೆ ಬರುತ್ತದೆ, ಆ ಒಂದು ಹೊಡೆತಕ್ಕೆ ಜೋರೂ ಬರುತ್ತದೆ. ಪಿಸ್ಟನ್ ತುದಿಯಲ್ಲಿ ಗಾಳಿ ಸೋರದಂತೆ ತಡೆಯುವ ವಾಷರ್ ಸತ್ತ ರೈಫಲ್‌ಗೂ ಹೀಗೆ ನಾಲ್ಕು ಹನಿ ಎಣ್ಣೆ ಬಿಟ್ಟರೆ ಹತ್ತು ನಿಮಿಷ ಜೀವ ಬಂದಂತೆ ಕಾಣುತ್ತದೆ. ಸರಿಯಾಗಿರುವ ಸ್ಪ್ರಿಂಗ್ ರೈಫಲ್ ಅಷ್ಟು ಸಿಡಿಯುವುದಿಲ್ಲ. ದಪ್ಪ ಪುಸ್ತಕವನ್ನು ರಪ್ಪನೆ ಮುಚ್ಚಿದಂಥ ಸದ್ದು ಅದರದು.

1200 ಎಫ್‌ಪಿಎಸ್ ಅನ್ನೋ ಮಾತನ್ನೂ ನಾನು ಅಲ್ಲೇ ನಿಂತು ಲೆಕ್ಕ ಹಾಕಬೇಕಿತ್ತು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 0.177 ಇಂಚು, ಅಂದರೆ 4.5 ಮಿಲಿಮೀಟರ್ ಮೀರದ ನಳಿಕೆಯ ತೂತು, 20 ಜೂಲ್ ಮೀರದ ಶಕ್ತಿ, ಇವೆರಡೂ ಇದ್ದರೆ ಮಾತ್ರ ಪರವಾನಗಿ ಬೇಡ. ಅರ್ಧ ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ ಸುಮಾರು 280 ಮೀಟರ್ ವೇಗದಲ್ಲಿ ಹೋದರೆ 20 ಜೂಲ್ ಆಯಿತು. 1200 ಎಫ್‌ಪಿಎಸ್ ಅಂದರೆ ಸೆಕೆಂಡಿಗೆ 366 ಮೀಟರ್, ಅದೇ ಪೆಲೆಟ್‌ಗೆ 33 ಜೂಲ್. ಮಾರುವವರ ಮಾತು ನಿಜವಾಗಿದ್ದರೆ ನಾನು ಪರವಾನಗಿ ಇಲ್ಲದ ಆಯುಧವನ್ನು ಬಸ್ಸಿನಲ್ಲಿ ಮನೆಗೆ ತಂದಂತೆ! ಸ್ಪ್ರಿಂಗ್ ಬದಲಿಸಿದ, ನಳಿಕೆ ಬದಲಿಸಿದ ಹಳೆಯ ರೈಫಲ್ ಕೊಳ್ಳುವ ಮುಂಚೆ ಇದನ್ನು ಯೋಚಿಸಿ. ಯಾರೋ ಮಾಡಿದ ಬದಲಾವಣೆಗೆ ಪೊಲೀಸರ ಮುಂದೆ ನಿಲ್ಲಬೇಕಾದವರು ನೀವು. ನಾನು ಬಿಲ್ ಕೂಡ ಕೇಳಲಿಲ್ಲ, ಒಂದು ಚೀಟಿ ಬರೆಸಿಕೊಳ್ಳಲಿಲ್ಲ. ಅದು ತಪ್ಪೇ.

ಮನೆಗೆ ತಂದ ಮೇಲೆ ಮೊದಲ ದಿನದಿಂದಲೇ ಪೆಲೆಟ್ ಗುರಿಗಿಂತ ಮೇಲೆ ಬೀಳುತ್ತಿತ್ತು. ರೈಫಲ್ ಮೇಲಿನ ಕಬ್ಬಿಣದ ಹಿಂಗುರಿಯನ್ನು (ಕಣ್ಣಿನ ಹತ್ತಿರದ ಗುರಿಪಟ್ಟಿ) ಪೂರ್ತಿ ಕೆಳಗಿಳಿಸಿದರೂ ಎರಡು ಬೆರಳಗಲ ಮೇಲೆ. ನಾನು ಅಲ್ಲೇ ನಿಲ್ಲಬೇಕಿತ್ತು. ಆದರೆ "ಸ್ಕೋಪ್ ಹಾಕಿದ್ರೆ ಸರಿಹೋಗುತ್ತೆ" ಎಂದು ಒಬ್ಬ ಸ್ನೇಹಿತರು ಹೇಳಿದರು, ನಾನೂ ನಂಬಿದೆ.

ಮೊದಲ ಸ್ಕೋಪ್‌ಗೆ 2,800 ರೂಪಾಯಿ. ಡಬ್ಬಿಯ ಮೇಲೆ ದೊಡ್ಡ ಬಂದೂಕಿನ ಚಿತ್ರ ಇತ್ತು. ದೊಡ್ಡ ಬಂದೂಕಿನ ಏಟು ತಡೆಯುವುದಾದರೆ ಏರ್ ರೈಫಲ್ ಯಾವ ಲೆಕ್ಕ ಅಂದುಕೊಂಡೆ. ಇಲ್ಲೇ ಬಹಳ ಜನ ಎಡವುವುದು. ಬಂದೂಕು ಹಿಂದಕ್ಕೆ ಮಾತ್ರ ಒದೆಯುತ್ತದೆ. ಸ್ಪ್ರಿಂಗ್ ರೈಫಲ್ ಹಾಗಲ್ಲ. ಪಿಸ್ಟನ್ ಮುಂದೆ ಹಾರಿದಾಗ ರೈಫಲ್ ಹಿಂದೆ ಸರಿಯುತ್ತದೆ, ಪಿಸ್ಟನ್ ಕೊನೆಗೆ ಬಂದು ನಿಂತಾಗ ಇಡೀ ರೈಫಲ್ ಮುಂದಕ್ಕೆ ಎಳೆದಂತೆ ಜಗ್ಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಕಡೆಯ ಏಟು. ಬಂದೂಕಿಗೆಂದೇ ಮಾಡಿದ ಎಷ್ಟೋ ಸ್ಕೋಪ್‌ಗಳ ಒಳಗಿನ ಗಾಜು, ಕೂಡುಗೆರೆ (ಗುರಿಗೆ ಹೊಂದಿಸುವ ಅಡ್ಡ-ಉದ್ದ ಗೆರೆ) ಈ ಮುಂದಿನ ಜಗ್ಗುವಿಕೆಗೆ ತಯಾರಾಗಿರುವುದಿಲ್ಲ. ಎರಡು ವಾರದಲ್ಲಿ ನನ್ನ ಸ್ಕೋಪ್‌ನ ಕೂಡುಗೆರೆ ಓರೆಯಾಯಿತು. ಮೂರನೇ ವಾರ ಅಲ್ಲಾಡಿಸಿದರೆ ಒಳಗೆ ಕಲ್ಲು ಬಿದ್ದಂತೆ ಗಲಗಲ.

ಸಾಲದ್ದಕ್ಕೆ ಹತ್ತು ಮೀಟರ್‌ನಲ್ಲಿ ಗುರಿ ಮಸುಕು ಮಸುಕು. ಸಾಮಾನ್ಯ ಸ್ಕೋಪ್‌ಗಳನ್ನು ನೂರು ಗಜ ದೂರಕ್ಕೆ ಹೊಂದಿಸಿರುತ್ತಾರೆ. ಹತ್ತಿರದ ಗುರಿ ನೋಡುವಾಗ ಕಣ್ಣು ಸ್ವಲ್ಪ ಪಕ್ಕಕ್ಕೆ ಹೋದರೂ ಕೂಡುಗೆರೆ ಗುರಿಯ ಮೇಲೆ ಸರಿದಾಡುತ್ತದೆ. ಏರ್ ರೈಫಲ್‌ಗೆ ಮುಂದಿನ ಉಂಗುರ ತಿರುಗಿಸಿ ಹತ್ತು ಗಜದವರೆಗೆ ಹೊಂದಿಸಿಕೊಳ್ಳುವ ಸ್ಕೋಪ್ ಬೇಕು, ಡಬ್ಬಿಯ ಮೇಲೆ 'ಎಒ' ಎಂದಿರುತ್ತದೆ. ಸ್ಪ್ರಿಂಗ್ ರೈಫಲ್‌ಗೆ ಆಗುತ್ತದೆ ಎಂದು ಸ್ಪಷ್ಟವಾಗಿ ಬರೆದಿರಬೇಕು.

ಎರಡನೇ ಸ್ಕೋಪ್ ಅಂಥದ್ದೇ ತಂದೆ, 5,200 ಆಯಿತು. ಈ ಸಲ ಸ್ಕೋಪನ್ನು ರೈಫಲ್‌ಗೆ ಕಚ್ಚಿಸುವ ಮೌಂಟ್ ಕೈಕೊಟ್ಟಿತು. ಎರಡು ಬಿಡಿ ಉಂಗುರದ ಮೌಂಟ್ ಹಾಕಿದ್ದೆ. ಐವತ್ತು ಹೊಡೆತದಲ್ಲಿ ಅದು ರೈಫಲ್ ಮೇಲಿನ ತೋಡಿನಲ್ಲಿ ಹಿಂದಕ್ಕೆ ಜಾರಿತ್ತು, ಕಪ್ಪು ಬಣ್ಣದ ಮೇಲೆ ಬಿಳಿ ಗೀರು ಬಿದ್ದಿತ್ತು. ಸ್ಕ್ರೂ ಇನ್ನೂ ಬಿಗಿ ಮಾಡಿದೆ, ಸ್ಕ್ರೂವಿನ ತಲೆಯೇ ಸವೆಯಿತು. ಇಂಥ ರೈಫಲ್‌ಗೆ ಒಂದೇ ತುಂಡಿನ ಮೌಂಟ್ ಬೇಕು, ಅದರ ತಳದಲ್ಲಿ ಇಳಿಬಿಡುವ ಪಿನ್ ಇರಬೇಕು, ಆ ಪಿನ್ ಕೂರಲು ರೈಫಲ್ ಮೇಲೆ ತೂತು ಇರಬೇಕು. ನನ್ನದರಲ್ಲಿ ತೂತೇ ಇರಲಿಲ್ಲ. ಕೊಳ್ಳುವಾಗ ನೋಡಬೇಕಾದ್ದು ಇದು, ಸ್ಕೋಪ್ ತಂದ ಮೇಲೆ ಅಲ್ಲ.

ಮೌಂಟ್ ಬದಲಿಸಿ, ಹಿಂದೆ ಒಂದು ತಡೆ ಹಾಕಿಸಿ ಮತ್ತೆ ಕೂತೆ. ಪೆಲೆಟ್ ಇನ್ನೂ ಮೇಲೆಯೇ. ಸ್ಕೋಪ್‌ನ ಎತ್ತರ ಹೊಂದಿಸುವ ಗುಂಡಿ ತಿರುಗಿಸುತ್ತಾ ಹೋದೆ. ಕಾಲು ಮಿನಿಟ್ (ಮಿನಿಟ್ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು) ಕ್ಲಿಕ್‌ನ ಸ್ಕೋಪ್‌ನಲ್ಲಿ ಹತ್ತು ಮೀಟರ್‌ಗೆ ಒಂದು ಕ್ಲಿಕ್ ಅಂದರೆ ಮುಕ್ಕಾಲು ಮಿಲಿಮೀಟರ್ ಕೂಡ ಇಲ್ಲ. ಐದು ಸೆಂಟಿಮೀಟರ್ ಇಳಿಸಲು ಸುಮಾರು ಎಪ್ಪತ್ತು ಕ್ಲಿಕ್ ಬೇಕು. ಗುಂಡಿ ಕೊನೆ ಮುಟ್ಟಿ ನಿಂತಿತು, ಪೆಲೆಟ್ ಕೆಳಗೆ ಬರಲಿಲ್ಲ. ಅದರ ಮೇಲೆ ದಿನದಿಂದ ದಿನಕ್ಕೆ ಜೋರು ಕಡಿಮೆಯಾಗುತ್ತಿತ್ತು. ಎಣ್ಣೆ ಉರಿದು ಮುಗಿದಿತ್ತು.

ಆ ಭಾನುವಾರ ತಮ್ಮನ ಮಗ ಬಂದಿದ್ದ. ಹತ್ತೊಂಬತ್ತು ವರ್ಷದ ಹುಡುಗ, ಹೇಳಿದ್ದು ಕೇಳುವವನು. ನಳಿಕೆ ಬಗ್ಗಿಸಿದ ಮೇಲೆ ಪೆಲೆಟ್ ಹಾಕುವವರೆಗೂ ಎಡಗೈಯಲ್ಲಿ ನಳಿಕೆ ಗಟ್ಟಿಯಾಗಿ ಹಿಡಿದೇ ಇರಬೇಕು ಎಂದು ಹೇಳಿಕೊಟ್ಟಿದ್ದೆ. ಹಾಗೇ ಹಿಡಿದಿದ್ದ. ಪೆಲೆಟ್ ಒತ್ತಿ ಹೆಬ್ಬೆರಳು ತೆಗೆದಿದ್ದನಷ್ಟೇ. ಟ್ರಿಗರ್ ಹತ್ತಿರ ಯಾರ ಬೆರಳೂ ಇರಲಿಲ್ಲ. ಫಟ್ ಎಂದು ನಳಿಕೆ ತಾನಾಗಿ ಮೇಲೆ ಹಾರಿ ಮುಚ್ಚಿಕೊಂಡಿತು. ಅವನ ಅಂಗೈ ಚರ್ಮ ಸುಲಿದು ಬಂತು. "ದೊಡ್ಡಪ್ಪಾ, ನಾನು ಏನೂ ಮುಟ್ಟಿಲ್ಲ" ಎಂದು ನಡುಗುತ್ತಿದ್ದ. ಒಂದು ಕ್ಷಣ ಮೊದಲಾಗಿದ್ದರೆ ಬೆರಳು ತುಂಡಾಗುತ್ತಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವನ ಅಮ್ಮನಿಗೆ ಏನು ಹೇಳುತ್ತಿದ್ದೆ?

ಮರುದಿನವೇ ಕೋವಿ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಒಯ್ದೆ. ಅವರು ಸ್ಕೋಪ್ ಕಡೆ ನೋಡಲೇ ಇಲ್ಲ. ಮೊದಲು ನಳಿಕೆಯ ಮೇಲೆ ಒಂದು ಉಕ್ಕಿನ ಪಟ್ಟಿ ಇಟ್ಟರು. ನಡುವೆ ಬೆಳಕು ಕಂಡಿತು. ನಳಿಕೆ ಮೇಲಕ್ಕೆ ಬಾಗಿತ್ತು. ಆಮೇಲೆ ಮರದ ಹಿಡಿಯನ್ನು ಬಿಚ್ಚಿ ಒಳಬದಿಯಲ್ಲಿ ಉಗುರಿನಿಂದ ಕೆರೆದರು. ಪುಟ್ಟಿ ಉದುರಿತು, ಅಡಿಯಲ್ಲಿ ಉದ್ದಕ್ಕೆ ಸೀಳು. ಪಾಲಿಶ್ ಹೊಡೆದಿದ್ದು ಅದನ್ನು ಮುಚ್ಚಲು. ಟ್ರಿಗರ್ ಒಳಗೆ ಪಿಸ್ಟನ್ನನ್ನು ಹಿಡಿದಿಡುವ ಕೊಕ್ಕೆ ಇರುತ್ತದೆ. ಟ್ರಿಗರ್ ಹಗುರಾಗಲಿ ಎಂದು ಅದನ್ನು ಯಾರೋ ಅರದಲ್ಲಿ ಉಜ್ಜಿದ್ದರು. "ನಿನ್ನ ಹುಡುಗನಿಗೆ ಆದದ್ದು ಇದಕ್ಕೆ ಮೊದಲ ಸಲ ಅಲ್ಲ ಮಗಾ. ಹಿಂದೆ ಒಮ್ಮೆ ಹೀಗೇ ಜಾರಿ ನಳಿಕೆ ಹಾರಿದೆ. ಅವತ್ತೇ ನಳಿಕೆ ಬಾಗಿದ್ದು, ಅವತ್ತೇ ಮರ ಸೀಳಿದ್ದು" ಎಂದರು.

ಅಂದರೆ ಮಾರಿದವರಿಗೆ ಗೊತ್ತಿತ್ತು. ಸೀಳಿಗೆ ಪುಟ್ಟಿ ತುಂಬಿದವರಿಗೆ ಸೀಳು ಯಾಕಾಯಿತು ಎಂದು ಗೊತ್ತಿರದೆ ಇರುತ್ತದೆಯೇ? ಅದು ನನಗೆ ಇವತ್ತಿಗೂ ಸಿಟ್ಟು ಬರಿಸುತ್ತದೆ. ದುಡ್ಡು ಹೋಗಲಿ, ಇನ್ನೊಬ್ಬರ ಕೈಗೆ ಇಂಥದ್ದನ್ನು ಹೇಗೆ ಕೊಟ್ಟರು?

ಹಿರಿಯರು ಪಿಸ್ಟನ್ ಹೊರತೆಗೆದರು. ವಾಷರ್ ಸುಟ್ಟು ಕರಿಯಾಗಿ ಪುಡಿಪುಡಿ. ವೇಗ ಅಳೆಯುವ ಯಂತ್ರದಲ್ಲಿ ಬಿಚ್ಚುವ ಮುಂಚೆ ನೋಡಿದ್ದೆವು, ಸೆಕೆಂಡಿಗೆ 120 ಮೀಟರ್. 4 ಜೂಲ್ ಕೂಡ ಇಲ್ಲ.

ಹಳೆಯದನ್ನೇ ಕೊಳ್ಳುವುದಾದರೆ ನನ್ನ ಮಾತು ಇಷ್ಟು. ಸ್ಕೋಪ್ ಹಾಕಿದ್ದರೆ ತೆಗೆಸಿ, ಕಬ್ಬಿಣದ ಗುರಿಯಲ್ಲೇ ಹತ್ತು ಮೀಟರ್‌ನಿಂದ ಕಾಗದಕ್ಕೆ ಇಪ್ಪತ್ತು ಮೂವತ್ತು ಹೊಡೆದು ನೋಡಿ. ಎಣ್ಣೆ ಇದ್ದರೆ ಮೊದಲ ಹೊಡೆತಕ್ಕೂ ಕೊನೆಯದಕ್ಕೂ ಸದ್ದಿನಲ್ಲೇ ಫರಕು ತಿಳಿಯುತ್ತದೆ. ಪೆಲೆಟ್ ಇಲ್ಲದೆ ಸುಮ್ನೆ ಹೊಡೆದು ತೋರಿಸಿದರೆ ಬೇಡ ಎನ್ನಿ. ಪಿಸ್ಟನ್‌ಗೆ ತಡೆಯುವ ಗಾಳಿ ಸಿಗದೆ ನೇರ ಕಬ್ಬಿಣಕ್ಕೆ ಬಡಿಯುತ್ತದೆ, ಹಾಗೆ ಮಾಡುವವರು ರೈಫಲ್ಲನ್ನು ಚೆನ್ನಾಗಿ ಇಟ್ಟಿರುವುದಿಲ್ಲ. ನಳಿಕೆ ಕೂಡುವ ಜಾಗದ ಮೇಲೆ ತೆಳು ಟಿಶ್ಯೂ ಇಟ್ಟು ಹೊಡೆಯಿರಿ, ಅದು ಹಾರಿದರೆ ಅಲ್ಲಿಂದ ಗಾಳಿ ಸೋರುತ್ತಿದೆ. ನಳಿಕೆ ಬಗ್ಗಿಸಿ ಪಕ್ಕಕ್ಕೆ ಅಲ್ಲಾಡಿಸಿ, ಲೊಡಲೊಡ ಅನ್ನಬಾರದು. ಮರದ ಹಿಡಿ ಬಿಚ್ಚಿ ತೋರಿಸಿ ಎಂದು ಕೇಳಿ. ನಾಲ್ಕು ಸ್ಕ್ರೂ ತೆಗೆಯಲು ಒಪ್ಪದವರ ಹತ್ತಿರ ಕೊಳ್ಳಬೇಡಿ. ಟ್ರಿಗರ್ ಮುಟ್ಟಿದರೆ ಸಾಕು ಅನ್ನುವಷ್ಟು ಹಗುರಾಗಿದ್ದರೆ ಹೊಗಳಬೇಡಿ, ಹೆದರಿ.

ಒಟ್ಟು ಹದಿನೇಳು ಸಾವಿರದ ಹತ್ತಿರ ಹೋಯಿತು. ಅದರಲ್ಲಿ ಹೊಸದೇ ಬರುತ್ತಿತ್ತು. ಮಾರಿದವರ ಫೋನ್ ಈಗ ಹತ್ತುವುದಿಲ್ಲ. ಹಿರಿಯರು ಕೊಕ್ಕೆ ಬದಲಿಸಿ ಕೊಡುತ್ತೇನೆ ಎಂದರು, ನಾನು ಬೇಡ ಎಂದೆ. ಸ್ಪ್ರಿಂಗ್, ಪಿಸ್ಟನ್ ಅವರ ಹತ್ತಿರವೇ ಬಿಟ್ಟು ಬಂದೆ. ಉಳಿದದ್ದು ನಮ್ಮ ಅಟ್ಟದ ಮೇಲಿದೆ. "ಹಾಗೇ ಕೊಡಿ, ಮೂರು ಸಾವಿರ ಕೊಡ್ತೀನಿ" ಎಂದು ಕಳೆದ ವಾರ ಒಬ್ಬರು ಕೇಳಿದರು. ಕೊಡಲಿಲ್ಲ.