ಮನೆಯಲ್ಲೇ ಮಾಸ್ಟೊಡಾನ್: ಡಿಸ್ಕ್ ತುಂಬಾ ಅಪ್ಪನ ಹಕ್ಕಿಗಳು

ಟಿವಿ ಸ್ಟ್ಯಾಂಡಿನ ಕೆಳಗೆ ಮೂರು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್‌ಗಳು, ಅವುಗಳ ಮೇಲೆ ಮೂರನ್ನೂ ಒಂದೇ ಗುಂಪಾಗಿ (ಕ್ಲಸ್ಟರ್) ಓಡಿಸುವ ಕೆ3ಎಸ್, ಅದರ ಮೇಲೆ ಮಾಸ್ಟೊಡಾನ್, ಅಂದರೆ ಯಾರು ಬೇಕಾದರೂ ತಮ್ಮದೇ ಸರ್ವರಿನಲ್ಲಿ ನಡೆಸಿ, ಬೇರೆ ಸರ್ವರಿನವರನ್ನೂ ಫಾಲೋ ಮಾಡಬಹುದಾದ ಟ್ವಿಟರ್ ಥರದ ಜಾಲತಾಣ. ಬಳಸುವವರು ಮನೆಯವರು ಮಾತ್ರ. ಇನ್‌ಸ್ಟಾಲ್ ಮಾಡುವುದು ಹೇಗೆ ಅಂತ ಎಲ್ಲ ಕಡೆ ಸಿಗುತ್ತದೆ, ಅದನ್ನು ಬಿಡಿ. ವರ್ಷ ಕಳೆದ ಮೇಲೆ ಏನಾಗುತ್ತದೆ ಅಂತ ಹೇಳುತ್ತೇನೆ.

ಡಿಸ್ಕ್ ತುಂಬುತ್ತದೆ. ನಮ್ಮ ಫೋಟೋಗಳಿಂದಲ್ಲ, ಊರವರ ಫೋಟೋಗಳಿಂದ. ನಾವು ಫಾಲೋ ಮಾಡುವವರು ಹಾಕಿದ ಚಿತ್ರಗಳ ನಕಲನ್ನು ಮಾಸ್ಟೊಡಾನ್ ನಮ್ಮ ಸರ್ವರಿಗೆ ಇಳಿಸಿಕೊಳ್ಳುತ್ತದೆ. ಅಪ್ಪ ರಿಟೈರ್ ಆದವರು. ಹಕ್ಕಿ ಫೋಟೋ ಹಾಕುವವರು ಯಾರೇ ಕಂಡರೂ ಫಾಲೋ. ಎಲ್ಲೆಲ್ಲಿಯದೋ ಮಿಂಚುಳ್ಳಿಗಳೆಲ್ಲ ಈಗ ನನ್ನ ಎಸ್‌ಎಸ್‌ಡಿಯಲ್ಲಿ ಗೂಡು ಕಟ್ಟಿವೆ.

'ಟೂಟ್‌ಸಿಟಿಎಲ್ ಮೀಡಿಯಾ ರಿಮೂವ್' ಎಂಬ ಮಾಸ್ಟೊಡಾನ್ ಕಮಾಂಡ್ ಓಡಿಸಿದರೆ 7 ದಿನಕ್ಕಿಂತ ಹಳೆಯ ನಕಲುಗಳು ಹೋಗುತ್ತವೆ. ಆದರೆ ಪ್ರೊಫೈಲ್ ಚಿತ್ರಗಳು ಉಳಿಯುತ್ತವೆ, ಅದಕ್ಕೆ ಬೇರೆ ಆಯ್ಕೆ ಕೊಡಬೇಕು. ಲಿಂಕ್ ಜೊತೆ ಬರುವ ಪುಟ್ಟ ಚಿತ್ರಗಳಿಗೆ ಮತ್ತೊಂದು ಕಮಾಂಡ್. ಒಂದೇ ಕಸಕ್ಕೆ ಮೂರು ಪೊರಕೆ! ಮೂರನ್ನೂ ರಾತ್ರಿ ತಾನಾಗಿಯೇ ಓಡುವ ಹಾಗೆ ಹಾಕಿಟ್ಟುಕೊಳ್ಳಿ, ಮೊದಲ ದಿನವೇ.

ಕ್ಲಸ್ಟರ್ ಅನ್ನುವುದು ಕೇಳಲು ಚೆಂದ. ಆದರೆ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್ ಇರುವುದು ಎಸ್‌ಎಸ್‌ಡಿ ಸಿಕ್ಕಿಸಿದ ಒಂದೇ ಪೈ ಮೇಲೆ. ಅದು ಮಲಗಿದರೆ ಉಳಿದೆರಡಕ್ಕೆ ಕೆಲಸವೇ ಇಲ್ಲ. ಮೂರಕ್ಕೂ ಒಂದೇ ರೌಟರ್, ಒಂದೇ ಪ್ಲಗ್ ಪಾಯಿಂಟ್ ಬೇರೆ. ಕರೆಂಟ್ ಬಿಲ್ಲಿನ ಚಿಂತೆ ಬೇಡ, ಮೂರೂ ಸೇರಿ ಹಳೆಯ 60 ವ್ಯಾಟ್ ಬಲ್ಬಿನಷ್ಟೂ ಎಳೆಯುವುದಿಲ್ಲ. ದುಡ್ಡು ಹೋಗುವುದು ಡೊಮೈನಿಗೆ ಮತ್ತು ವಿಪಿಎಸ್‌ಗೆ, ಅಂದರೆ ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಸಿಗುವ ಸರ್ವರಿಗೆ. ನಮ್ಮ ಇಂಟರ್ನೆಟ್ ಲೈನಿಗೆ ಹೊರಗಿನಿಂದ ನೇರವಾಗಿ ತಲುಪಬಹುದಾದ ಸ್ವಂತ ಐಪಿ ವಿಳಾಸ ಇಲ್ಲ, ಹಾಗಾಗಿ ವಿಪಿಎಸ್‌ನಿಂದ ಮನೆಗೆ ವೈರ್‌ಗಾರ್ಡ್ ಎಂಬ ವಿಪಿಎನ್ ಸುರಂಗ.

ಇಷ್ಟೆಲ್ಲ ಬೈದರೂ ಬೆಳಿಗ್ಗೆ ಕಾಫಿ ಲೋಟ ಹಿಡಿದು ಮೊದಲು ತೆರೆಯುವುದು, ಮಾಸ್ಟೊಡಾನಿನ ಹಿನ್ನೆಲೆ ಕೆಲಸಗಳನ್ನು ನಡೆಸುವ ಸೈಡ್‌ಕಿಕ್‌ನ ಪುಟವನ್ನೇ. ಎಷ್ಟು ಕೆಲಸ ಮುಗಿಯಿತು, ಎಷ್ಟು ಮತ್ತೆ ಪ್ರಯತ್ನಿಸಬೇಕು, ಯಾವ ಸರ್ವರ್ ಉತ್ತರ ಕೊಡುತ್ತಿಲ್ಲ, ಎಲ್ಲ ಅಲ್ಲಿರುತ್ತದೆ. ಯಾರದ್ದೋ ಸರ್ವರ್ ಮೂರು ದಿನದಿಂದ ಸುಮ್ಮನಿದ್ದರೆ, ಪಾಪ ಅವರ ಮನೇಲೂ ಕರೆಂಟ್ ಹೋಗಿರಬೇಕು ಅನಿಸುತ್ತದೆ.

ಮಳೆಗಾಲದಲ್ಲಿ ನಮ್ಮದೂ ಅದೇ ಕಥೆ. ಇನ್‌ವರ್ಟರ್ ಇದೆ, ಆದರೆ ಅದು ಶುರುವಾಗುವಷ್ಟರಲ್ಲಿ ಪೈಗಳು ರೀಸ್ಟಾರ್ಟ್ ಆಗುತ್ತಿದ್ದವು. ಇನ್‌ವರ್ಟರ್ ಹಿಂದಿರುವ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ಹಾಕಿದ ಮೇಲೆ ಆ ಕಾಟ ತಪ್ಪಿತು. ಲೈನೇ ಕಡಿದರೆ ಮಾತ್ರ ಏನೂ ಮಾಡಲಾಗದು. ಆಗ ನನಗೆ ತುಂಬಾ ಹಿಡಿಸಿದ್ದು ಒಂದಿದೆ. ನಮಗೆ ಬರಬೇಕಾದ ಪೋಸ್ಟ್ ತಲುಪದಿದ್ದರೆ ಆ ಕಡೆಯ ಮಾಸ್ಟೊಡಾನ್ ತಕ್ಷಣ ಕೈಬಿಡುವುದಿಲ್ಲ. ಸ್ವಲ್ಪ ಬಿಟ್ಟು, ಆಮೇಲೆ ಇನ್ನೂ ಜಾಸ್ತಿ ಹೊತ್ತು ಬಿಟ್ಟು, ಮತ್ತೆ ಮತ್ತೆ ಕಳಿಸುತ್ತದೆ. ಲೈನ್ ಬಂದ ಮೇಲೆ ನಿನ್ನೆಯ ಹಕ್ಕಿಗಳು ಒಂದೊಂದಾಗಿ ಬಂದು ಕೂರುತ್ತವೆ. ಅಪ್ಪನಿಗೆ ಸರ್ವರ್ ಬಿದ್ದಿದ್ದೇ ಗೊತ್ತಾಗಿರುವುದಿಲ್ಲ.

ಹೊಸದಾಗಿ ಶುರು ಮಾಡುವವರಿಗೆ, ಮನೆಮಂದಿಗಷ್ಟೇ ಆದರೆ, ಮಾಸ್ಟೊಡಾನ್ ಜಾಲಕ್ಕೇ ಸೇರುವ ಹಗುರ ಸಾಫ್ಟ್‌ವೇರ್ ಗೋಟುಸೋಶಿಯಲ್ ಸಾಕು. ಮಾಸ್ಟೊಡಾನಿಗೆ ಬೇಕಾಗುವ ರೆಡಿಸ್ ಎಂಬ ಇನ್ನೊಂದು ಡೇಟಾಬೇಸ್ ಬೇಡ, ಪೋಸ್ಟ್‌ಗ್ರೆಸ್ ಬದಲು ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್ ನಡೆಯುತ್ತದೆ, ಒಂದು ಪೈ ಮೇಲೆ ಆರಾಮಾಗಿ ಓಡುತ್ತದೆ. ನಾನೇಕೆ ಬದಲಾಯಿಸಿಲ್ಲ ಅಂದರೆ, ಇರುವ ಡೊಮೈನಿನಲ್ಲೇ ಬೇರೆ ಸಾಫ್ಟ್‌ವೇರ್ ಕೂರಿಸಿದರೆ ಹೊರಗಿನ ಸರ್ವರ್‌ಗಳಿಗೆ ಗೊಂದಲವಾಗುತ್ತದೆ. ಹೊಸ ಡೊಮೈನ್ ತೆಗೆದುಕೊಂಡರೆ ಎಲ್ಲರಿಗೂ ಹೊಸ ವಿಳಾಸ. ಅಪ್ಪನಿಗೆ ಮತ್ತೆ ಲಾಗಿನ್ ಕಲಿಸುವುದಕ್ಕಿಂತ ಇನ್ನೊಂದು ಎಸ್‌ಎಸ್‌ಡಿ ಕೊಳ್ಳುವುದೇ ಸಲೀಸು.