ಬೊಲೊನ್ಯಾದಲ್ಲಿ ಮನೆ ಅಡುಗೆ ಪಾಠಕ್ಕೆ ಹಣ ಕಟ್ಟುವ ಮುನ್ನ, ವಿಶೇಷವಾಗಿ ಸಸ್ಯಾಹಾರಿಗಳು, ಇದನ್ನೊಮ್ಮೆ ಓದಿ

ಕಳೆದ ಸೆಪ್ಟೆಂಬರಿನಲ್ಲಿ ಇಟಲಿಯ ಬೊಲೊನ್ಯಾ ನಗರದಲ್ಲಿ, ಅಲ್ಲಿಯ ಮಹಿಳೆಯೊಬ್ಬರು ತಮ್ಮ ಮನೆಯಲ್ಲೇ ಕಲಿಸುವುದಾಗಿ ಹೇಳಿಕೊಂಡಿದ್ದ ಅಡುಗೆ ಪಾಠಕ್ಕೆ ನಾನು, ನನ್ನ ಹೆಂಡತಿ ಮತ್ತು ಶಿರಸಿಯಿಂದ ನಮ್ಮಲ್ಲಿಗೆ ಬಂದಿದ್ದ ಅಮ್ಮ 340 ಯೂರೊ ಕೊಟ್ಟು ಹೋದೆವು. ಪಾಠವೂ ಆಗದೆ, ಊಟವೂ ಆಗದೆ, ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಅಮ್ಮನ ಬಾಯಿಗೆ ದನದ ಮಾಂಸದ ಸಾರು ತಾಗಿಸಿಕೊಂಡು ಹಿಂತಿರುಗಿದೆವು. ಹಣದ ಮಾತಷ್ಟೇ ಆಗಿದ್ದರೆ ಸುಮ್ಮನಾಗುತ್ತಿದ್ದೆ. ಆದರೆ ನಾವು ಎಡವಿದ ಜಾಗದಲ್ಲಿ ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವ ಯಾರಾದರೂ ಎಡವಬಹುದು ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ. ಆ ಮಹಿಳೆಯ ಹೆಸರನ್ನಾಗಲಿ, ಜಾಹೀರಾತು ಇದ್ದ ಜಾಲತಾಣದ ಹೆಸರನ್ನಾಗಲಿ ಬರೆಯುವುದಿಲ್ಲ. ನಡೆದದ್ದರಲ್ಲಿ ನನ್ನ ಪಾಲಿನ ತಪ್ಪೂ ಇದೆ, ಅದನ್ನೂ ಮರೆಮಾಚುವುದಿಲ್ಲ.

ನಾವಿರುವುದು ಮ್ಯೂನಿಕ್‌ನಲ್ಲಿ. ಅಲ್ಲಿಂದ ಬ್ರೆನ್ನರ್ ಕಣಿವೆ ದಾಟಿ ಹೋಗುವ ನೇರ ರೈಲಿನಲ್ಲಿ ಬೊಲೊನ್ಯಾ ಸುಮಾರು 7 ಗಂಟೆಯ ಹಾದಿ. ಇಟಲಿಯವರೇ ಈ ಊರನ್ನು 'ಲಾ ಗ್ರಾಸ್ಸಾ', ಎಂದರೆ ಕೊಬ್ಬಿದ ಊರು ಎಂದು ಕರೆಯುತ್ತಾರೆ. ಹಂದಿಮಾಂಸ, ಗಿಣ್ಣು (ಚೀಸ್), ಮೊಟ್ಟೆ ಹಾಕಿ ಕಲಸಿದ ಪಾಸ್ತಾ ಇವೇ ಅದರ ಹೆಗ್ಗಳಿಕೆ. ಅಂತಹ ಊರಿಗೆ ಅಮ್ಮನನ್ನು ಅಡುಗೆ ಕಲಿಯಲು ಕರೆದೊಯ್ಯುವುದೇ ತಪ್ಪು ಲೆಕ್ಕವಾಗಿತ್ತು ಎಂದು ಈಗ ಅನಿಸುತ್ತದೆ. ಆದರೆ ಕೈಯಿಂದ ಲಟ್ಟಿಸಿ ತಟ್ಟಿ ಮಾಡುವ ಯಾವ ಅಡುಗೆಯನ್ನು ಕಂಡರೂ ಅಮ್ಮನಿಗೆ ಆಸೆ. ಒಂದು ಮೀಟರಿನ ಹತ್ತಿರ ಉದ್ದವಿರುವ, ಅಲ್ಲಿಯವರು ಮಾತ್ತರೆಲ್ಲೊ ಎನ್ನುವ ಲಟ್ಟಣಿಗೆಯನ್ನು ಮೊಬೈಲಿನಲ್ಲಿ ನೋಡಿದಂದಿನಿಂದ, ಅದರಲ್ಲಿ ಹೋಳಿಗೆ ಲಟ್ಟಿಸಿದರೆ ಹೇಗಿರಬಹುದು ಎಂಬುದೇ ಅವಳ ಮಾತಾಗಿತ್ತು.

ಜಾಹೀರಾತು ಬಹಳ ಚೆನ್ನಾಗಿತ್ತು. ಕೆಂಪು ಹಂಚಿನ ಮನೆಗಳತ್ತ ಮುಖಮಾಡಿದ ತಾರಸಿ, ಅದರ ಅಂಚಿಗೆ ಕಾಮಕಸ್ತೂರಿಯ ಕುಂಡಗಳು, ಅಜ್ಜಿಯಿಂದ ಬಂದ ಮರದ ಮಣೆ, ಕ್ವಾದ್ರಿಲಾತೆರೊ ಎಂಬ ಹಳೆಯ ಮಾರುಕಟ್ಟೆಯ ಓಣಿಗಳಲ್ಲಿ ಒಟ್ಟಿಗೆ ಹೋಗಿ ತರಕಾರಿ ಆರಿಸುವುದು, ಆಮೇಲೆ ಮೂರೂವರೆ ಗಂಟೆಯ ಪಾಠ. ತಾಲ್ಯಾತೆಲ್ಲೆ ಎಂಬ ಪಟ್ಟಿ ಪಾಸ್ತಾದ ಅಗಲ ಬೆಂದ ಮೇಲೆ 8 ಮಿಲಿಮೀಟರ್ ಇರಬೇಕು ಎಂದು 1972ರಲ್ಲಿ ಆ ಊರಿನ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿ, ಅದರ ಚಿನ್ನದ ಮಾದರಿಯೊಂದನ್ನು ಇರಿಸಿದ್ದಾರೆ. ಅಳತೆ ಊರಿನ ಅಸಿನೆಲ್ಲಿ ಗೋಪುರದ ಎತ್ತರದ 12,270ನೆಯ ಒಂದು ಭಾಗವಂತೆ. ಆ ಅಗಲಕ್ಕೆ ಸರಿಯಾಗಿ ಚಾಕುವಿನಿಂದ ಕತ್ತರಿಸುವುದನ್ನು ಕಲಿಸುವುದಾಗಿ ಜಾಹೀರಾತು ಹೇಳಿತ್ತು. ನನ್ನಂತಹ ಲೆಕ್ಕದ ಮನುಷ್ಯನನ್ನು ಬೀಳಿಸಲು ಅಷ್ಟು ಸಾಕಾಯಿತು.

ಮೊದಲ ತಪ್ಪು ಇಲ್ಲಿಯೇ ಆಯಿತು. ಜಾಲತಾಣದಲ್ಲಿ ಮೂವರಿಗೆ 'ಖಾಸಗಿ ಪಾಠ'ದ ಬೆಲೆ 420 ಯೂರೊ ಇತ್ತು. ನಾನು ಅಲ್ಲಿ ಒಂದು ಪ್ರಶ್ನೆ ಕೇಳಿದ ಕೂಡಲೇ ಆಕೆ ತಮ್ಮ ವಾಟ್ಸಾಪ್ ಸಂಖ್ಯೆ ಕೊಟ್ಟು, ಜಾಲತಾಣದವರು ದಲ್ಲಾಳಿ ಹಣ ಬಹಳ ಹಿಡಿಯುತ್ತಾರೆ, ನೇರವಾಗಿ ಬ್ಯಾಂಕಿಗೆ ಹಾಕಿದರೆ 340ಕ್ಕೆ ಮಾಡಿಕೊಡುತ್ತೇನೆ ಎಂದರು. ಊರಿನಲ್ಲಿ ಹೋಂಸ್ಟೇ ನಡೆಸುವವರೂ ಹೀಗೆ ಹೇಳುವುದನ್ನು ಕೇಳಿ ಅಭ್ಯಾಸವಾಗಿದ್ದ ನನಗೆ ಅದರಲ್ಲಿ ಅಸಹಜವೇನೂ ಕಾಣಲಿಲ್ಲ. ದಲ್ಲಾಳಿಗೆ ಹೋಗುವುದು ಅಡುಗೆಯವರಿಗೇ ಸೇರಲಿ ಎಂದುಕೊಂಡು ಪೂರ್ತಿ ಹಣವನ್ನು ಮುಂಗಡವಾಗಿಯೇ ಕಳುಹಿಸಿದೆ. ಆಕೆಯ ಸಂದೇಶದಲ್ಲಿದ್ದ ಪದ 'ಲೆತ್ಸಿಯೋನೆ ಇನ್ ಕಾಸಾ ಪ್ರಿವಾತಾ'. ಅದರ ಅರ್ಥ ಖಾಸಗಿ ಮನೆಯಲ್ಲಿ ಪಾಠ ಎಂದೇ ಹೊರತು ಖಾಸಗಿ ಪಾಠ ಎಂದಲ್ಲ. ಪ್ರಿವಾತಾ ಎಂಬ ಪದ ಕಣ್ಣಿಗೆ ಬಿದ್ದುದರಿಂದ ಉಳಿದದ್ದನ್ನು ನಾನೇ ತುಂಬಿಕೊಂಡೆ.

ಎರಡನೆಯದು ಆಹಾರದ ಮಾತು. ನಾವು ಸಸ್ಯಾಹಾರಿಗಳು, ಅಮ್ಮ ಮೊಟ್ಟೆಯನ್ನೂ ತಿನ್ನುವುದಿಲ್ಲ, ಆದ್ದರಿಂದ ಅವಳ ಪಾಲಿಗೆ ದಕ್ಷಿಣ ಇಟಲಿಯಲ್ಲಿ ಮಾಡುವಂತೆ ಬರಿಯ ರವೆ ಮತ್ತು ನೀರಿನ ಹಿಟ್ಟು ಕಲಸಲು ಸಾಧ್ಯವೇ ಎಂದು ಕೇಳಿದ್ದೆ. ಅಲ್ಲಿ ದುರುಂ ಗೋಧಿಯನ್ನು ಎರಡು ಸಲ ಬೀಸಿ ಮಾಡುವ ಸಣ್ಣ ರವೆ ನಮ್ಮ ಚಿರೋಟಿ ರವೆಯನ್ನು ಹೋಲುತ್ತದೆ, ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. 'ನೆಸ್ಸುನ್ ಪ್ರೊಬ್ಲೇಮಾ', ಏನೂ ತೊಂದರೆಯಿಲ್ಲ ಎಂದು ಉತ್ತರ ಬಂತು. ಇಷ್ಟುದ್ದದ ಪ್ರಶ್ನೆಗೆ ಎರಡೇ ಪದದ ಉತ್ತರ ಬಂದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಆ ದಿನ ಭಾನುವಾರ. ಮಾರುಕಟ್ಟೆಯ ಸುತ್ತಾಟವೆಂದರೆ ವಿಯಾ ಪೆಸ್ಕೆರಿಯೆ ವೆಕ್ಕಿಯೆ ಎಂಬ ಓಣಿಯಲ್ಲಿ, ಹೆಚ್ಚಿನ ತರಕಾರಿ ಅಂಗಡಿಗಳು ಬಾಗಿಲು ಹಾಕಿದ್ದಾಗ, ಹತ್ತು ನಿಮಿಷ ನಡೆದದ್ದು. ನಮ್ಮ ಜೊತೆಗೆ ಇನ್ನೂ ಏಳು ಜನ ಇದ್ದರು; ಅವರು ಯಾರೆಂದು ಕೇಳಿದಾಗ ಆಕೆ, ಎಲ್ಲರೂ ಸ್ನೇಹಿತರೇ ಎಂದು ನಕ್ಕರು. ಅಲ್ಲಿಂದ ಬಸ್ಸು ಹಿಡಿದು, ರೈಲು ನಿಲ್ದಾಣದ ಆಚೆಯ ಬೊಲೊನ್ಯೀನಾ ಬಡಾವಣೆಗೆ ಕರೆದೊಯ್ದರು. ನಾಲ್ಕನೆಯ ಮಹಡಿ, ಲಿಫ್ಟ್ ಇಲ್ಲ. ಅಮ್ಮನ ಮೊಣಕಾಲಿನ ನೋವಿನ ವಿಷಯವನ್ನು ನಾನು ಮೊದಲೇ ಹೇಳಿರಲಿಲ್ಲ, ಅದು ನನ್ನ ತಪ್ಪು. ಆದರೆ ಬಾಗಿಲ ಪಕ್ಕದಲ್ಲಿ ಸಂಖ್ಯೆ ತಿರುಗಿಸಿ ಬೀಗದ ಕೈ ತೆಗೆಯುವ ಪುಟ್ಟ ಪೆಟ್ಟಿಗೆ, ಒಳಗೆ ಗೋಡೆಗೆ ಅಂಟಿಸಿದ ವೈಫೈ ಪಾಸ್‌ವರ್ಡಿನ ಚೀಟಿ, ಕಸ ಯಾವ ದಿನ ಹೊರಗಿಡಬೇಕೆಂದು ನಾಲ್ಕು ಭಾಷೆಗಳಲ್ಲಿ ಬರೆದ ಸೂಚನೆ, ಇವು ನನ್ನ ತಪ್ಪಲ್ಲ. ಆಕೆ ಸೌಟಿಗಾಗಿ ಮೂರು ಡ್ರಾಯರ್‌ಗಳನ್ನು ಎಳೆದು ನೋಡಿದರು. ತನ್ನ ಅಡುಗೆಮನೆಯಲ್ಲಿ ಸೌಟು ಎಲ್ಲಿದೆಯೆಂದು ಗೊತ್ತಿಲ್ಲದ ಹೆಂಗಸನ್ನು ಅಮ್ಮ ಅಂದೇ ಮೊದಲು ನೋಡಿದ್ದು. ಅದು ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಡುವ ಮನೆ. ತಾರಸಿಯೂ ಇರಲಿಲ್ಲ, ಕುಂಡಗಳೂ ಇರಲಿಲ್ಲ.

ಪಾಠದ ಬಗ್ಗೆ ಹೆಚ್ಚು ಹೇಳಲು ಏನೂ ಇಲ್ಲ, ಏಕೆಂದರೆ ಪಾಠ ನಡೆಯಲೇ ಇಲ್ಲ. ಬೊಲೊನ್ಯಾದ ಪದ್ಧತಿಯಲ್ಲಿ 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ. ಮಣೆಯ ಮೇಲೆ ಹಿಟ್ಟಿನ ಬದು ಕಟ್ಟಿ, ನಡುವೆ ಮೊಟ್ಟೆ ಒಡೆದು, ನಾದಿ, ಅರ್ಧ ಗಂಟೆ ಬಿಟ್ಟು, ಆಮೇಲೆ ಉದ್ದನೆಯ ಲಟ್ಟಣಿಗೆಯಿಂದ ಹಾಳೆಯಂತೆ ಲಟ್ಟಿಸಬೇಕು. ಹಾಳೆಯನ್ನು ಎತ್ತಿ ಹಿಡಿದರೆ ಅದರ ಮೂಲಕ ಊರಾಚೆಯ ಗುಡ್ಡದ ಮೇಲಿನ ಸಾನ್ ಲೂಕಾ ಚರ್ಚು ಕಾಣಬೇಕು ಎಂಬ ಮಾತೇ ಅಲ್ಲಿದೆ. ನಮ್ಮೆದುರು ಬಂದದ್ದು ಫ್ರಿಜ್ಜಿನಿಂದ ತೆಗೆದ, ಪ್ಲಾಸ್ಟಿಕ್ ಸುತ್ತಿದ, ಬೂದು ಬಣ್ಣಕ್ಕೆ ತಿರುಗಿದ ಮೊಟ್ಟೆ ಹಿಟ್ಟಿನ ಉಂಡೆಗಳು. ಲಟ್ಟಣಿಗೆ ಗೋಡೆಗೆ ಒರಗಿತ್ತು, ಫೋಟೊ ತೆಗೆಸಿಕೊಳ್ಳಲು ಒಬ್ಬೊಬ್ಬರಾಗಿ ಅದನ್ನು ಹಿಡಿದದ್ದಾಯಿತು. ಹಿಟ್ಟು ಹೋದದ್ದು ಕೈಯಿಂದ ತಿರುಗಿಸುವ ಯಂತ್ರದೊಳಕ್ಕೆ, ಪಟ್ಟಿಗಳ ಅಗಲ ಆ ಯಂತ್ರದ ಹಲ್ಲಿನ ಅಗಲ. ಅಮ್ಮನ ರವೆಯ ಹಿಟ್ಟು ಎಲ್ಲಿ ಎಂದು ಕೇಳಿದ್ದಕ್ಕೆ, ಕಪಾಟಿನಿಂದ ಅಂಗಡಿಯ ಒಣ ಪಾಸ್ತಾದ ಪೊಟ್ಟಣ ತೆಗೆದು ತೋರಿಸಿದರು. ಇದರಲ್ಲಿ ಮೊಟ್ಟೆ ಇಲ್ಲ ಎಂದರು. ಅದು ನಿಜವೇ.

ಅಸಲು ಸಂಗತಿ ನಡೆದದ್ದು ಸಾಸಿನ ಪಾತ್ರೆಯ ಬಳಿ. ಈರುಳ್ಳಿ, ಕ್ಯಾರೆಟ್, ಸೆಲರಿ ಸಣ್ಣಗೆ ಹೆಚ್ಚಿ ಎಣ್ಣೆಯಲ್ಲಿ ಬಾಡಿಸಿ, ಟೊಮೆಟೊ ಸುರಿದು ಕುದಿಸಿದರು. ಅಲ್ಲಿಯವರೆಗೆ ಅಮ್ಮ ಪಕ್ಕದಲ್ಲೇ ನಿಂತು ನೋಡಿದ್ದಳು. ನಾನು ಯಂತ್ರದ ಹಿಡಿ ತಿರುಗಿಸುತ್ತಿದ್ದಾಗ ಆಕೆ ಚಿನ್ನದ ಬಣ್ಣದ ಕಾಗದ ಬಿಚ್ಚಿ ಏನನ್ನೋ ಪಾತ್ರೆಗೆ ಹಾಕಿದರಂತೆ. ಸ್ವಲ್ಪ ಹೊತ್ತಿಗೆ ಎಲ್ಲರಿಗೂ ಚಮಚದಲ್ಲಿ ರುಚಿ ನೋಡಲು ಕೊಟ್ಟರು. ಅಮ್ಮ ಎರಡು ಚಮಚ ತಿಂದು ನನ್ನ ಕಡೆ ತಿರುಗಿ, "ತಮಾ, ಇದಕ್ಕೆ ಎಂತ ಹಾಕಿದ್ದು ಕೇಳು" ಎಂದಳು. ಒಲೆಯ ಪಕ್ಕದಲ್ಲಿ ಮುದುಡಿ ಬಿದ್ದಿದ್ದ ಕಾಗದವನ್ನು ಬಿಡಿಸಿ ನೋಡಿದೆ. ಬೆರಳಿಗೆ ಜಿಡ್ಡು ಅಂಟಿತು. 'ದಾದೊ', ಅದರ ಕೆಳಗೆ 'ಮಾಂತ್ಸೊ' ಎಂದಿತ್ತು. ದಾದೊ ಎಂದರೆ ಸಾರಿನ ಘನ, ನೀರಿಗೆ ಹಾಕಿದರೆ ಸಾರಾಗುವ ಉಪ್ಪುಪ್ಪಾದ ಚೌಕ. ಮಾಂತ್ಸೊ ಎಂದರೆ ದನದ ಮಾಂಸ. ಕೇಳಿದ್ದಕ್ಕೆ ಆಕೆ ಹೆಬ್ಬೆರಳು ತೋರುಬೆರಳುಗಳನ್ನು ಹತ್ತಿರ ತಂದು, ಇಷ್ಟೇ ಇಷ್ಟು, ಇದರಲ್ಲಿ ಮಾಂಸದ ತುಂಡೇ ಇಲ್ಲ, ಬರಿಯ ರುಚಿಗೆ ಎಂದರು. ಅಮ್ಮನಿಗೆ ನಾನು ಅಲ್ಲೇ ಹೇಳಿಬಿಟ್ಟೆ. ಅವಳು ಸಿಂಕಿನಲ್ಲಿ ಬಾಯಿ ಮುಕ್ಕಳಿಸಿ ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತಳು. ಮತ್ತೆ ಅಲ್ಲಿಂದ ಏಳಲಿಲ್ಲ, ನೀರನ್ನೂ ನಮ್ಮ ಬಾಟಲಿಯಿಂದಲೇ ಕುಡಿದಳು.

ಆ ಘನದ ವಿಷಯದಲ್ಲಿ ಆಕೆ ಬೇಕೆಂದೇ ಮೋಸ ಮಾಡಿದರು ಎಂದು ನಾನು ಹೇಳುವುದಿಲ್ಲ. ತುಂಡು ಕಾಣದಿದ್ದರೆ ಮಾಂಸವಲ್ಲ ಎಂದು ಅವರು ನಿಜವಾಗಿಯೇ ನಂಬಿದ್ದಂತಿತ್ತು. ನಮ್ಮ ದೇಶದಲ್ಲಿ ಪೊಟ್ಟಣದ ಮೇಲಿನ ಹಸಿರು ಚುಕ್ಕೆ ನೋಡಿ ಬೆಳೆದ ನಾವು ಸಸ್ಯಾಹಾರಿ ಎಂಬ ಒಂದೇ ಪದ ಸಾಕೆಂದುಕೊಳ್ಳುತ್ತೇವೆ. ಯುರೋಪಿನ ಒಕ್ಕೂಟದಲ್ಲಿ ಆ ಪದಕ್ಕೆ ಕಾನೂನಿನ ಕಡ್ಡಾಯ ವ್ಯಾಖ್ಯೆ ಇಲ್ಲ, ಹಸಿರು ಚುಕ್ಕೆಯಂತೂ ಇಲ್ಲವೇ ಇಲ್ಲ. ಅಲ್ಲಿಯ ಪೊಟ್ಟಣಗಳಲ್ಲಿ ಎದ್ದುಕಾಣುವಂತೆ ಮುದ್ರಿಸಬೇಕಾದದ್ದು ಅಲರ್ಜಿ ತರುವ 14 ಬಗೆಯ ಪದಾರ್ಥಗಳನ್ನು ಮಾತ್ರ. ಮೊಟ್ಟೆ, ಮೀನು, ಹಾಲು ಆ ಪಟ್ಟಿಯಲ್ಲಿವೆ, ಮಾಂಸ ಇಲ್ಲ. ಮೇಲೆ ಉದುರಿಸುವ ಪಾರ್ಮಿಜಾನೊ ರೆಜ್ಜಾನೊ ಗಿಣ್ಣಿಗೂ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪೇ ಬೇಕೆಂಬುದು ಅದರ ತಯಾರಿಕೆಯ ನಿಯಮ. ಗ್ರಾನಾ ಪದಾನೊ ಎಂಬ ಗಿಣ್ಣಿನಲ್ಲಿ ಅದರ ಜೊತೆಗೆ ಕೆಡದಂತೆ ಹಾಕುವ, ಮೊಟ್ಟೆಯಿಂದ ತೆಗೆದ ಲೈಸೊಜೈಮ್ ಕೂಡ ಸಾಮಾನ್ಯವಾಗಿ ಇರುತ್ತದೆ. ಪಕ್ಕದ ರೊಮಾನ್ಯಾ ಸೀಮೆಯ ಪಿಯಾದೀನಾ ರೊಟ್ಟಿಗೆ ರೂಢಿಯಾಗಿ ಹಾಕುವುದು ಹಂದಿಯ ಕೊಬ್ಬು. ಹಾಲಿನ ಸಿಹಿಯಾದ ಪನ್ನಾ ಕೊತ್ತಾ ಗಟ್ಟಿಯಾಗುವುದು ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಜೆಲಾಟಿನ್‌ನಿಂದ. ಇಷ್ಟನ್ನೂ ಮನೆಗೆ ಬಂದ ಮೇಲೆ ಕೂತು ಓದಿ ತಿಳಿದುಕೊಂಡೆ, ಹೋಗುವ ಮೊದಲು ಓದಬೇಕಿತ್ತು.

ಹಣ ಕೇಳಿದ ಕಥೆ ಚಿಕ್ಕದು. ಆಕೆ ಮೂರು ದಿನದ ಮೇಲೆ ಉತ್ತರಿಸಿ, ಖಾಸಗಿ ಪಾಠವೆಂದು ನಾನೆಲ್ಲಿ ಬರೆದಿದ್ದೇನೆ ತೋರಿಸಿ, ಖಾಸಗಿ ಮನೆ ಎಂದೇ ಬರೆದಿದ್ದೇನೆ ಎಂದರು. ಲಟ್ಟಣಿಗೆ ಹಿಡಿದು ನಗುತ್ತಿರುವ ನಮ್ಮ ಫೋಟೊವನ್ನೇ ನಮಗೆ ಕಳುಹಿಸಿ, ನೀವು ಸಂತೋಷವಾಗಿಯೇ ಇದ್ದಿರಲ್ಲ ಎಂದೂ ಸೇರಿಸಿದರು. ಜಾಲತಾಣದವರು, ನಿಮ್ಮ ಹೆಸರಿನಲ್ಲಿ ನಮ್ಮಲ್ಲಿ ಯಾವ ಕಾಯ್ದಿರಿಸುವಿಕೆಯೂ ಇಲ್ಲ ಎಂದರು. ಕಾಯ್ದಿರಿಸದವರು ಅಲ್ಲಿ ವಿಮರ್ಶೆಯನ್ನೂ ಬರೆಯುವಂತಿಲ್ಲ. ಆಕೆಯ ಪುಟದಲ್ಲಿ ಐದು ನಕ್ಷತ್ರಗಳೇ ತುಂಬಿರುವುದು ಹೇಗೆ ಎಂಬುದು ಆಗ ಹೊಳೆಯಿತು. ನಮ್ಮ ಬ್ಯಾಂಕಿನವರು, ಕಾರ್ಡಿನಿಂದ ಕೊಟ್ಟಿದ್ದರೆ ತಕರಾರು ಹೂಡಬಹುದಿತ್ತು, ನೀವೇ ಒಪ್ಪಿ ಖಾತೆಯಿಂದ ಖಾತೆಗೆ ಕಳುಹಿಸಿದ ಹಣವನ್ನು ಪಡೆದವರ ಒಪ್ಪಿಗೆಯಿಲ್ಲದೆ ಹಿಂದಕ್ಕೆ ತರಲಾಗದು ಎಂದರು. ಯುರೋಪಿನಲ್ಲಿ ದೂರದಿಂದ ಕೊಂಡ ವಸ್ತುವನ್ನು 14 ದಿನಗಳೊಳಗೆ ಹಿಂದಿರುಗಿಸುವ ಹಕ್ಕು ಇದೆಯೆಂದು ನನಗೆ ಧೈರ್ಯ ಹೇಳಿದವರೂ ಇದ್ದರು. ಆ ಹಕ್ಕು ಇಂತಹುದೇ ದಿನ ಎಂದು ಗೊತ್ತುಮಾಡಿದ ಊಟ, ವಿಹಾರದಂತಹ ಸೇವೆಗಳಿಗೆ ಅನ್ವಯಿಸುವುದಿಲ್ಲ. 80 ಯೂರೊ ಉಳಿಸಲು ಹೋಗಿ ನಾನು ಕಳೆದುಕೊಂಡದ್ದು ದೂರು ಹೇಳಲು ಇದ್ದ ಒಂದೇ ಬಾಗಿಲನ್ನು.

ಆದ್ದರಿಂದ, ಹೋಗುವುದಾದರೆ ಜಾಲತಾಣದೊಳಗೇ, ಕಾರ್ಡಿನಿಂದಲೇ ಹಣ ಕಟ್ಟಿ. ಮಾತುಕತೆಯೆಲ್ಲವೂ ಅಲ್ಲಿಯೇ ಬರೆಹದಲ್ಲಿರಲಿ. ಬೇರೆ ಯಾರಾದರೂ ಬರುತ್ತಾರೆಯೇ, ಹಿಟ್ಟು ನಮ್ಮೆದುರೇ ಕಲಸುತ್ತೀರಾ, ಮನೆ ಎಷ್ಟನೆಯ ಮಹಡಿ, ಲಿಫ್ಟ್ ಇದೆಯೇ ಎಂದು ಒಂದೊಂದನ್ನೂ ಬೇರೆ ಬೇರೆಯಾಗಿ ಕೇಳಿ, ಒಂದೊಂದಕ್ಕೂ ಉತ್ತರ ಪಡೆಯಿರಿ. ಆಹಾರದ ವಿಷಯದಲ್ಲಿ ಸಸ್ಯಾಹಾರಿ ಎಂದು ಬರೆದು ನಿಲ್ಲಿಸದೆ, ಬೇಡವಾದದ್ದನ್ನು ಹೆಸರು ಹಿಡಿದು ಬರೆಯಿರಿ: ಕಾರ್ನೆ (ಮಾಂಸ), ಪೆಶೆ (ಮೀನು), ಬ್ರೋದೊ (ಸಾರು), ದಾದೊ, ಸ್ತ್ರುತ್ತೊ (ಹಂದಿಕೊಬ್ಬು), ಉಓವಾ (ಮೊಟ್ಟೆ). ಪ್ರತಿಯೊಂದರ ಮುಂದೆ 'ಇಲ್ಲದೆ' ಎಂಬರ್ಥದ 'ಸೆಂತ್ಸಾ' ಸೇರಿಸಿದರೆ ಸಾಕು. ಗಿಣ್ಣು ಬೇಕೆನ್ನುವವರು 'ಕಾಲ್ಯೊ ವೆಜೆತಾಲೆ', ಎಂದರೆ ಸಸ್ಯಮೂಲದ ಹೆಪ್ಪು, ಎಂದು ಬರೆದಿರುವುದನ್ನು ಕೇಳಬೇಕು. ಮೊಟ್ಟೆ ತಿನ್ನದವರಿಗೆ ಬೊಲೊನ್ಯಾಕ್ಕಿಂತ ದಕ್ಷಿಣದ ಪುಲ್ಯಾ ಸೀಮೆ ಮೇಲು. ಬಾರಿ ನಗರದ ಹಳೆಯ ಓಣಿಗಳಲ್ಲಿ ಹೆಂಗಸರು ಮನೆಯ ಮುಂದೆ ಮೇಜು ಹಾಕಿಕೊಂಡು, ರವೆ ಮತ್ತು ನೀರಿನ ಹಿಟ್ಟನ್ನು ಚಾಕುವಿನ ತುದಿಯಿಂದ ಎಳೆದು ಕಿವಿಯಾಕಾರದ ಒರೆಕ್ಯೆತ್ತೆ ಮಾಡುತ್ತಾರೆ, ಅದಕ್ಕೆ ಮೊಟ್ಟೆಯ ಹಂಗಿಲ್ಲ.

ಆ ಜಾಹೀರಾತು ಈಗಲೂ ಇದೆ, ನಿನ್ನೆ ರಾತ್ರಿಯೂ ನೋಡಿದೆ. ಮೊದಲ ಚಿತ್ರದಲ್ಲಿ ಅದೇ ತಾರಸಿ, ಅದೇ ಕಾಮಕಸ್ತೂರಿಯ ಕುಂಡಗಳು. ಕೊನೆಯಲ್ಲಿ ಹೊಸದಾಗಿ ಸೇರಿಸಿದ ಒಂದು ಚಿತ್ರದಲ್ಲಿ ಉದ್ದನೆಯ ಲಟ್ಟಣಿಗೆ ಹಿಡಿದು ನಿಂತಿರುವವಳು ನಮ್ಮ ಅಮ್ಮ. ಅದನ್ನು ತೆಗೆಯುವಂತೆ ಬರೆದಿದ್ದೇನೆ, ಇನ್ನೂ ತೆಗೆದಿಲ್ಲ.