ಎಂಬೊಲೈಜೇಶನ್ ಆದ ಮ್ಯಾಲ ಎಂಜಿಯೋ, ಸಿಟಿ, ಎಂಆರ್‌ಐ ಮೂರೂ ನೋಡಿದ್ವಿ, ನನ್ನ ಓಟು ಎಂಆರ್‌ಐಗೆ

ಮೊದಲೇ ಹೇಳಿಬಿಡ್ತೀನಿ, ಮೆದುಳಿನ ಗಡ್ಡಿಗೆ ಆಪರೇಷನ್‌ಕಿಂತ ಮುಂಚೆ ರಕ್ತ ಬಂದ್ ಮಾಡಿದ್ರ (ಇದಕ್ಕೇ ಎಂಬೊಲೈಜೇಶನ್ ಅಂತಾರ), ಅದು ಎಷ್ಟು ಒಣಗೈತಿ ಅಂತ ನೋಡಾಕ ಕಾಂಟ್ರಾಸ್ಟ್ (ರಕ್ತದಾಗ ಬಿಡೋ, ಸ್ಕ್ಯಾನಿನ್ಯಾಗ ಬೆಳ್ಳಗ ಕಾಣೋ ಔಷಧ) ಹಾಕಿದ ಎಂಆರ್‌ಐನೇ ಸರಿ, ಅದರ ಜೋಡಿ ಡಿಫ್ಯೂಷನ್ (ಒಳಗ ನೀರಿನ ಕಣ ಹೆಂಗ ಓಡಾಡತಾವ ಅಂತ ನೋಡೋ ಎಂಆರ್‌ಐ ಚಿತ್ರ) ಇರಲೇಬೇಕು. ನಾ ಡಾಕ್ಟರ್ ಅಲ್ಲ. ಜಮಖಂಡಿ ಕಡೆ ಕಬ್ಬು ಬೆಳಿಯೋ ಮನಿ ನಮ್ದು, ಅವ್ವನ್ನ ಕರ್ಕೊಂಡು ಬೆಳಗಾವಿಗೆ ಹೋಗಿ ಹತ್ತು ದಿನ ವಾರ್ಡಿನ ಹೊರಗ ಕುಂತು, ಕಂಡ ಕಂಡ ಡಾಕ್ಟರ್‌ಗೆ ಕೇಳಿ ಕೇಳಿ ತಿಳ್ಕೊಂಡಿದ್ದನ್ನ ಬರಿಯಾಕತ್ತೀನಿ.

ಅವ್ವಗ ಆಗಿದ್ದು ಮೆನಿಂಜಿಯೋಮಾ, ಮೆದುಳಿನ ಮ್ಯಾಲಿನ ಪೊರಿಯಿಂದ ಹುಟ್ಟೋ ಗಡ್ಡಿ. ಬಾಳ ಮಂದಿಗೆ ಇದು ಕ್ಯಾನ್ಸರ್ ಇರೂದಿಲ್ಲ, ಆದ್ರ ರಕ್ತ ಜಗ್ಗಿ ಎಳಕೊಂತೈತಿ. ಹಂಗೇ ತಲಿ ತೆರದ್ರ ರಕ್ತ ಬಾಳ ಹೋಗತೈತಿ ಅಂತ ತೊಡಿಸಂದಿಯಿಂದ ಸಣ್ಣ ಪೈಪ್ ಬಿಟ್ಟು, ಮಿಡಲ್ ಮೆನಿಂಜಿಯಲ್ ಅನ್ನೋ ರಕ್ತನಾಳದ ತನಕ ಹೋಗಿ, ಒಳಗ ಗಟ್ಟಿ ಆಗೋ ದ್ರವ ತುಂಬಿದ್ರು.

ಎಂಜಿಯೋ ಅಂದ್ರ ರಕ್ತನಾಳದಾಗ ಕಾಂಟ್ರಾಸ್ಟ್ ಬಿಟ್ಟು ತೆಗಿಯೋ ಎಕ್ಸ್‌ರೇ, ಅದೇ ಟೇಬಲ್ ಮ್ಯಾಲೇ ಆಗತೈತಿ, ಬ್ಯಾರೆ ರೊಕ್ಕ ಇಲ್ಲ. ಕಡೀ ಚಿತ್ರದಾಗ ಗಡ್ಡಿಯ ಕರಿ ಮಬ್ಬು ಪೂರಾ ಹೋಗಿತ್ತು, ನಾವು ಖುಷಿ ಆದ್ವಿ. ಆದ್ರ ಅದು ಕಾಲುವಿ ಬಂದ್ ಆಗೈತಿ ಅಂತಷ್ಟೇ ಹೇಳತೈತಿ, ಹೊಲ ಒಣಗೈತೋ ಇಲ್ಲೋ ಹೇಳೂದಿಲ್ಲ. ಬಾಜೂ ಹೊಲದಿಂದ ನೀರು ಜಿನಗಾಕತ್ತಿದ್ರ ಗೊತ್ತಾಗಬೇಕಂದ್ರ ಹೊಲಾನೇ ನೋಡಬೇಕಲ್ರೀ.

ಅದಕ್ಕ ಮರುದಿನ ಮುಂಜಾನೆ 7ಕ್ಕ ಎಂಆರ್‌ಐ ಸ್ಲಾಟ್ ಕೊಟ್ರು. ನಮಗ ತ್ರಾಸ ಆಗಿದ್ದು ಇಲ್ಲೇ. ಕಾಲುಂಗುರ ತೆಗದ್ವಿ, ತಾಳಿ ಬಿಚ್ಚಿ ಅರಿಷಿಣ ಕೊಂಬಿನ ದಾರ ಕಟ್ಟಿದ್ವಿ, ಅದಕ್ಕೂ ಅವ್ವ ಕಣ್ಣೀರು ಹಾಕಿದ್ಲು. ಎಲ್ಲಾ ಆತು ಅನ್ನೂದ್ರಾಗ ಟೆಕ್ನಿಷಿಯನ್ ಮೂಗುಬೊಟ್ಟು ನೋಡಿ ಇದು ತೆಗೀಬೇಕು ಅಂದ. ಮದುವ್ಯಾಗ ಹಾಕಿದ್ದು, ಮೂವತ್ತೈದು ವರ್ಷ ಆಗಿರಬೇಕು, ಹಿಂದಿನ ತಿರುಪು ಚರ್ಮದಾಗ ಹೂತು ಹೋಗಿತ್ತು. ಸಿಸ್ಟರ್ ಕೊಬ್ಬರಿ ಎಣ್ಣಿ ಹಚ್ಚಿ ನೋಡಿದ್ರು, ಸೋಪಿನ ನೀರು ಹಾಕಿದ್ರು, ನಮ್ಮಕ್ಕ ದಾರ ಸುತ್ತಿ ತಿರುವಿದ್ಲು, ಮೂಗು ಕೆಂಪಗಾತೇ ಹೊರತು ಬೊಟ್ಟು ಅಲಗಾಡಲಿಲ್ಲ. ಬಂಗಾರ ಮ್ಯಾಗ್ನೆಟಿಗೆ ಎಳಿಯೂದಿಲ್ಲ ಖರೆ, ಆದ್ರ ತಿರುಪು ಯಾವ ಲೋಹದ್ದೋ ಯಾರಿಗೂ ಗೊತ್ತಿಲ್ಲ, ಬಿಸಿ ಆಗಬಹುದು, ತಲಿ ಚಿತ್ರ ಆ ಜಾಗದಾಗ ಕೆಡತೈತಿ, ಹಂಗಾಗಿ ಅವ ಹೇಳಿದ್ದು ಸರಿನೇ ಇತ್ತು. ಸಿಟ್ಟು ಬಂದಿದ್ದು ಯಾಕಂದ್ರ ಹಿಂದಿನ ದಿನ ಫಾರ್ಮ್ ತುಂಬಿಸ್ಕೊಂಡಾಗ ಒಬ್ರೂ ಮೂಗು ನೋಡಿರಲಿಲ್ಲ.

ಸ್ಲಾಟ್ ಹೋತು. ತೊಡಿಸಂದ್ಯಾಗ ಪಟ್ಟಿ ಇದ್ದಾಕಿನ್ನ ಹೊರಗ ಕರ್ಕೊಂಡು ಹೋಗಾಕ ಬರೂದಿಲ್ಲ, ಹಂಗಾಗಿ ನಾನೇ ಬೆಳಗಾವಿಯೊಳಗಿನ ಶಹಾಪುರಕ್ಕ ಹೋಗಿ ಅಂಗಡಿ ಬಾಗಿಲಾ ತೆಗಿಯೂ ತನಕ ನಿಂತು ಒಬ್ಬ ಪತ್ತಾರರನ್ನ ಆಟೋದಾಗ ಕರ್ಕೊಂಡು ಬಂದೆ. ಅವರು ಸಣ್ಣ ಇಕ್ಕಳದಿಂದ ಎರಡು ನಿಮಿಷದಾಗ ಬಿಚ್ಚಿ, ರೊಕ್ಕ ಬ್ಯಾಡ ಅಂದು ಅವ್ವನ ಕಾಲು ಮುಟ್ಟಿ ಹೋದ್ರು. ಮುಂದಿನ ಸ್ಲಾಟ್ ರಾತ್ರಿ 9ಕ್ಕ.

ಅಷ್ಟರೊಳಗ ದಿನ ಯಾಕ ಸುಮ್ನ ಹೋಗಬೇಕು ಅಂತ ಡ್ಯೂಟಿ ಡಾಕ್ಟ್ರು ಕಾಂಟ್ರಾಸ್ಟ್ ಸಿಟಿ ಬರದ್ರು, 4,500 ಕಟ್ಟಿದ್ವಿ, ಐದೇ ನಿಮಿಷದ ಕೆಲಸ. ಆದ್ರ ತುಂಬಿದ ದ್ರವ ಎಕ್ಸ್‌ರೇದಾಗ ಕಾಣ್ಲಿ ಅಂತ ಅದರಾಗ ಟ್ಯಾಂಟಲಂ ಲೋಹದ ಪುಡಿ ಕಲಿಸಿರ್ತಾರ, ಸಿಟಿಯೊಳಗ ಅದು ಸೂರ್ಯನ ಕಿರಣದಂಗ ಬಿಳಿ ಗೆರಿ ಬಿಡತೈತಿ. ನೋಡಬೇಕಾದ ಜಾಗಾನೇ ಮುಚ್ಚಿ ಹೋಗಿತ್ತು. ರಕ್ತಸ್ರಾವ ಇಲ್ಲ ಅನ್ನೂದೊಂದು ಗೊತ್ತಾತು. ಒಮ್ಮಿಂದೊಮ್ಮೆ ವಾಂತಿ, ಎಚ್ಚರ ತಪ್ಪೂದು ಆದ್ರ ಮಾತ್ರ ಮೊದಲು ಸಿಟಿನೇ ಮಾಡಿಸ್ರಿ, ಬ್ಯಾರೆ ವಿಚಾರ ಬ್ಯಾಡ.

ರಾತ್ರಿ ಎಂಆರ್‌ಐ ಆತು, 9,800 ರೂಪಾಯಿ, ಮುಕ್ಕಾಲು ತಾಸು, ಕಿವ್ಯಾಗ ಹತ್ತಿ ಇಟ್ರೂ ಸಪ್ಪಳಕ್ಕ ಅವ್ವ ಹೆದರಿದ್ಲು. ರೇಡಿಯಾಲಜಿಸ್ಟ್ ಮೇಡಂ ನನ್ನ ಕರದು ಸ್ಕ್ರೀನ್ ತೋರಿಸಿದ್ರು. ಮೊದಲಿನ ಸ್ಕ್ಯಾನಿನ್ಯಾಗ ಇಡೀ ಗಡ್ಡಿ ಬಲ್ಬಿನಂಗ ಬೆಳ್ಳಗ ಹೊಳಿತಿತ್ತು, ಈಗ ಹೊರಗಿನ ಭಾಗ, ನಡುವಿನ ಭಾಗ ಕರ್ರಗಾಗಿತ್ತು, ಅಂದ್ರ ಅಲ್ಲೆ ಕಾಂಟ್ರಾಸ್ಟ್ ಔಷಧ ಮುಟ್ಟಿಲ್ಲ, ರಕ್ತ ನಿಂತೈತಿ. ಆದ್ರ ಮೆದುಳಿಗೆ ಹತ್ತಿದ ಒಳ ಅಂಚು ಬೆರಳು ದಪ್ಪ ಇನ್ನೂ ಬೆಳ್ಳಗಿತ್ತು. ಆ ಅಂಚಿಗೆ ಮೆದುಳಿನ ಸ್ವಂತ ರಕ್ತನಾಳದಿಂದ ರಕ್ತ ಬರತೈತಂತ, ಅದನ್ನ ಬಂದ್ ಮಾಡಾಕ ಹೋದ್ರ ಲಕ್ವಾ ಹೊಡಿಯೋ ಭಯ, ಅದಕ್ಕ ಬಿಟ್ಟಿದ್ರು. ಕಾಂಟ್ರಾಸ್ಟ್‌ಕಿಂತ ಮುಂಚಿನ ಚಿತ್ರಾನೂ ಬೇಕು, ಯಾಕಂದ್ರ ಗಡ್ಡಿಯೊಳಗ ರಕ್ತ ಸೋರಿದ್ರ ಅದೂ ಬೆಳ್ಳಗ ಕಂಡು ಮೋಸ ಆಗತೈತಿ. ಡಿಫ್ಯೂಷನ್‌ದಾಗ ಆ ಕರಿ ಭಾಗ ಸಾಯಾಕತ್ತಿದ್ದು ಕಂಡ್ತು, ಚೊಲೋ ಮೆದುಳಿಗೆ ಏನೂ ಪೆಟ್ಟು ಬಿದ್ದಿಲ್ಲ ಅನ್ನೂದೂ ಕಂಡ್ತು. ಇದೊಂದು ಮಾತಿಗೇ 9,800 ಕೊಟ್ಟಿದ್ದು ಸಾರ್ಥಕ ಅನಿಸ್ತು ನನಗ.

ಸರ್ಜನ್ ಆ ಫಿಲ್ಮ್ ನೋಡೇ ಒಳ ಅಂಚನ್ನ ಕಡೀಗೆ ಬಿಡಿಸಬೇಕು ಅಂತ ಹೇಳಿದ್ರು. ಆಪರೇಷನ್‌ಗೆ ಎರಡು ಬಾಟ್ಲಿ ರಕ್ತ ತಯಾರಿಟ್ಟಿದ್ರು, ಒಂದು ಸಾಕಾತು.

ಕಬ್ಬಿನ ಬಿಲ್ಲಿನ್ಯಾಗ ಖರ್ಚು ನಡಿಸೋ ಮನಿಗೆ 4,500 ಸಣ್ಣ ರೊಕ್ಕ ಅಲ್ಲ, ಸಿಟಿ ಬಿಟ್ಟು ರಾತ್ರಿ ತನಕ ಕಾಯಬೇಕಿತ್ತು ನಾವು. ಇನ್ನ ಮುಂಚಿನ ಸ್ಕ್ಯಾನ್ ಆದ ಮಶೀನಿನ್ಯಾಗೇ ಎರಡನೇದೂ ಮಾಡಿಸ್ರಿ, ಬಾಜೂಕ ಇಟ್ಟು ನೋಡಾಕ ಚೊಲೋ. ಕ್ರಿಯಾಟಿನಿನ್ (ಕಿಡ್ನಿ ಹೆಂಗೈತಿ ಅಂತ ಹೇಳೋ ರಕ್ತ ಪರೀಕ್ಷೆ) ರಿಪೋರ್ಟ್ ಮೊದಲೇ ತಗಿಸಿಡ್ರಿ. ಕಿಡ್ನಿ ತೊಂದ್ರಿ ಇದ್ರ ಕಾಂಟ್ರಾಸ್ಟ್ ಇಲ್ಲದ ಎಎಸ್‌ಎಲ್ ಪರ್ಫ್ಯೂಷನ್ (ರಕ್ತದ ಹರಿವು ನೋಡೋ ಎಂಆರ್‌ಐ) ಬಗ್ಗೆ ಕೇಳ್ರಿ.

ಮೂರು ತಿಂಗಳಿಗೆ ಮತ್ತ ಎಂಆರ್‌ಐ ಐತಿ. ಅವ್ವ ಮೂಗುಬೊಟ್ಟು ಇನ್ನೂ ಹಾಕ್ಕೊಂಡಿಲ್ಲ, ಅದು ಮುಗದ ಮ್ಯಾಲೇ ಹಾಕ್ಕೋತೀನಿ ಅಂದಾಳ.